ವರ್ಷ ತುಂಬುವ ಮೊದಲೇ ಕನ್ಸಲ್ಟಿಂಗ್ ಬಿಟ್ಟಾಗ

"ಇನ್ನೂ ವರ್ಷ ತುಂಬಿಲ್ಲ, ಆಗಲೇ ಯಾಕೆ ಬಿಡ್ತಿದ್ದೀರಿ?" ಕನ್ಸಲ್ಟಿಂಗ್‌ನಿಂದ ಬೇಗ ಹೊರಬರುವವರಿಗೆ ಸಂದರ್ಶನದಲ್ಲಿ ಈ ಪ್ರಶ್ನೆ ತಪ್ಪಿದ್ದಲ್ಲ. ಹಾಸನದ ನಮ್ಮ ಮನೆಯಲ್ಲಿ ಅಪ್ಪನೂ ಅದನ್ನೇ ಕೇಳಿದರು. ಎರಡೂ ಕಡೆ ನಾನು ಕೊಟ್ಟ ಉತ್ತರ ಒಂದೇ: ಹೇಳಿ ಬರುವ ಕೆಲಸಕ್ಕಿಂತ ಅಲ್ಲೇ ನಿಂತು ಮಾಡಿಸುವ ಕೆಲಸ ನನಗೆ ಬೇಕು.

ಕಂಪನಿಗಳಿಗೆ ಸಲಹೆ ಕೊಡುವುದೇ ಕನ್ಸಲ್ಟಿಂಗ್. ನಾಲ್ಕೈದು ಜನರ ತಂಡ ಗ್ರಾಹಕರ ಆಫೀಸಿನಲ್ಲೋ ಗೋದಾಮಿನಲ್ಲೋ ಕೆಲವು ವಾರ ಕೂತು, ಲೆಕ್ಕ ತೆಗೆದು, ಸ್ಲೈಡುಗಳಲ್ಲಿ ಶಿಫಾರಸು ಬರೆದು ಒಪ್ಪಿಸುತ್ತದೆ. ಆಮೇಲೆ ಇನ್ನೊಂದು ಪ್ರಾಜೆಕ್ಟ್; ಅದಿಲ್ಲದಿದ್ದರೆ ಬೆಂಚ್, ಅಂದರೆ ಮುಂದಿನ ಪ್ರಾಜೆಕ್ಟಿಗಾಗಿ ಕಾಯುತ್ತಾ ಕೂರುವುದು. ಅಲ್ಲಿ ಕಲಿಯುವುದು ಬೇಕಾದಷ್ಟಿದೆ. ಆದರೆ ನಾವು ಹೇಳಿದ್ದು ನಡೆಯಿತೇ ಇಲ್ಲವೇ ಎಂದು ನೋಡಲು ನಾವೇ ಅಲ್ಲಿರುವುದಿಲ್ಲ.

ಕಡಿಮೆ ಅವಧಿ ಇದ್ದವರನ್ನು ಕಂಪನಿಗಳು ಅನುಮಾನಿಸುವುದು ಇಲ್ಲೇ: ತಂಡ ಮಾಡಿದ್ದೆಷ್ಟು, ನೀನು ಮಾಡಿದ್ದೆಷ್ಟು? ರೆಸ್ಯೂಮೆಯಲ್ಲಿ 'ಸಪ್ಲೈ ಚೈನ್ ಸುಧಾರಣೆ' ಎಂದು ಬರೆದರೆ ಅದಕ್ಕೆ ಉತ್ತರ ಸಿಗುವುದಿಲ್ಲ. ಸಂದರ್ಶನದಲ್ಲಿ ನಾನು ಹೇಳುತ್ತಿದ್ದುದು ನೆಲಮಂಗಲದ ಒಂದು ಗೋದಾಮಿನ ಕಥೆ. ಲಾರಿಗಳು ತಡವಾಗಿ ಹೊರಡುತ್ತವೆ, ಲೋಡಿಂಗ್‌ಗೆ ಇನ್ನಷ್ಟು ಜನ ಬೇಕು ಎಂಬುದು ಗ್ರಾಹಕರ ನಂಬಿಕೆ. ಪ್ರತಿ ಲಾರಿ ಒಳಬಂದ ಹೊತ್ತು, ಲೋಡ್ ಮುಗಿದ ಹೊತ್ತು, ಗೇಟು ದಾಟಿದ ಹೊತ್ತು ಬರೆದುಕೊಳ್ಳುವ ಕೆಲಸ ನನ್ನದು. ಡ್ರೈವರ್ ಒಬ್ಬರು ನನ್ನ ಪಟ್ಟಿ ನೋಡಿ, "ಮೇಡಂ, ಲೋಡಾಗಿ ಎಷ್ಟು ಹೊತ್ತಾಯ್ತು, ಬಿಲ್ಲೇ ಬಂದಿಲ್ಲ" ಅಂದರು. 50,000 ರೂಪಾಯಿ ಮೀರಿದ ಸರಕು ಸಾಗಿಸಲು ಸಾಮಾನ್ಯವಾಗಿ ಜಿಎಸ್‌ಟಿಯ ಇ-ವೇ ಬಿಲ್ ಬೇಕು. ಅಲ್ಲಿ ಎಲ್ಲ ಲಾರಿಗಳ ಬಿಲ್ಲನ್ನೂ ಮಾಡುತ್ತಿದ್ದುದು ಒಬ್ಬರೇ ಗುಮಾಸ್ತರು, ಅದೂ ಸಂಜೆ, ಒಟ್ಟಿಗೆ. ತಡವಾಗುತ್ತಿದ್ದುದು ಕಂಪ್ಯೂಟರ್ ಮುಂದೆ, ಲೋಡಿಂಗ್ ಕಟ್ಟೆಯ ಮೇಲಲ್ಲ. ಗ್ರಾಹಕರ ಹೆಸರಾಗಲಿ ಅವರ ಅಂಕಿಸಂಖ್ಯೆಯಾಗಲಿ ಎಲ್ಲೂ ಹೇಳುವಂತಿಲ್ಲ, ಹೇಳಲೂಬಾರದು. ಹೇಳದೆಯೂ ನನ್ನ ಪಾಲಿನ ಕೆಲಸ ಕೇಳುವವರಿಗೆ ಕಣ್ಣಿಗೆ ಕಟ್ಟುತ್ತಿತ್ತು.

ಕೆಲವು ಗೆಳೆಯರು, ಆ ತಿಂಗಳುಗಳನ್ನು ರೆಸ್ಯೂಮೆಯಿಂದಲೇ ತೆಗೆದುಬಿಡು ಅಂದರು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಪಿಎಫ್ ಕಟ್ಟಿಸಿಕೊಂಡಿದ್ದರೆ ನಿಮ್ಮ ಯುಎಎನ್ (ಪಿಎಫ್ ಸದಸ್ಯರ ಸಂಖ್ಯೆ) ಖಾತೆಯಲ್ಲಿ ಸೇರಿದ ದಿನ, ಬಿಟ್ಟ ದಿನ ಎರಡೂ ಇರುತ್ತವೆ. ಹಿನ್ನೆಲೆ ಪರಿಶೀಲನೆ ಮಾಡುವವರು ಅದನ್ನು ನೋಡುತ್ತಾರೆ. ಕಡಿಮೆ ಅವಧಿಯನ್ನು ವಿವರಿಸಬಹುದು, ಮುಚ್ಚಿಟ್ಟದ್ದನ್ನು ವಿವರಿಸುವುದು ಬಲು ಕಷ್ಟ. ಪಿಎಫ್ ಹಣವನ್ನೂ ತೆಗೆಯದೆ ಹೊಸ ಕಂಪನಿಗೆ ವರ್ಗಾಯಿಸಿಕೊಳ್ಳಿ. ಒಟ್ಟು ಸೇವೆ ಐದು ವರ್ಷವಾಗುವ ಮೊದಲೇ ತೆಗೆದರೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ; ವರ್ಗಾಯಿಸಿದರೆ ಹಳೆಯ ಸೇವೆಯೂ ಲೆಕ್ಕಕ್ಕೆ ಬರುತ್ತದೆ. ಅದೇ ಆರ್ಥಿಕ ವರ್ಷದಲ್ಲಿ ಕೆಲಸ ಬದಲಿಸಿದರೆ ಹಿಂದಿನ ಸಂಬಳದ ವಿವರವನ್ನು ಹೊಸ ಕಂಪನಿಗೆ ಕೊಡಿ. ಇಲ್ಲವಾದರೆ ಎರಡೂ ಕಡೆ ಕಡಿಮೆ ತೆರಿಗೆ ಮುರಿದು, ರಿಟರ್ನ್ಸ್ ಹೊತ್ತಿಗೆ ಒಮ್ಮೆಲೇ ಕಟ್ಟಬೇಕಾಗುತ್ತದೆ.

ರಾಜೀನಾಮೆ ಕೊಡುವ ಮೊದಲು ನೇಮಕಾತಿ ಪತ್ರವನ್ನು ಸಾವಧಾನವಾಗಿ ಓದಿ. ಸೇರುವಾಗ ಕೊಟ್ಟ ಬೋನಸ್ಸನ್ನು ವರ್ಷದೊಳಗೆ ಬಿಟ್ಟರೆ ಹಿಂತಿರುಗಿಸಬೇಕೆಂಬ ಷರತ್ತು ಇರಬಹುದು. 'ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿ ಸೇರುವಂತಿಲ್ಲ' ಎಂಬ ಸಾಲು ಕಂಡರೆ ಹೆದರಬೇಕಿಲ್ಲ. 1872ರ ಭಾರತೀಯ ಒಪ್ಪಂದ ಕಾಯ್ದೆಯ 27ನೇ ಕಲಂ ಪ್ರಕಾರ ಅಂಥ ನಿರ್ಬಂಧ ಸಾಮಾನ್ಯವಾಗಿ ಊರ್ಜಿತವಲ್ಲ. ಇಷ್ಟು ವರ್ಷ ಬಿಡುವುದಿಲ್ಲ, ಬಿಟ್ಟರೆ ಹಣ ಕಟ್ಟುತ್ತೇನೆ ಎಂದು ಬರೆದುಕೊಡುವ ಬಾಂಡ್ ಮಾತ್ರ ಬೇರೆ ವಿಷಯ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷಕ್ಕೆ ಮೊದಲೇ ಬಿಟ್ಟ ಪ್ರಕರಣದಲ್ಲಿ, 2 ಲಕ್ಷ ರೂಪಾಯಿಯ ಬಾಂಡ್ ಸಿಂಧು ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಹೇಳಿತು.

ಇನ್ನು ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿ ವಿದೇಶಿ ಕಂಪನಿಗಳ ಕೇಂದ್ರಗಳಿವೆ, ಸ್ಟಾರ್ಟಪ್‌ಗಳಿವೆ, ಪೀಣ್ಯ ಬೊಮ್ಮಸಂದ್ರಗಳ ಕಾರ್ಖಾನೆಗಳಿವೆ. ಹುದ್ದೆಯ ಹೆಸರು ನೋಡಿ ಮರುಳಾಗುವುದಕ್ಕಿಂತ ಒಂದು ಪ್ರಶ್ನೆ ಕೇಳುವುದು ಒಳ್ಳೆಯದು: ಆರು ತಿಂಗಳಾದ ಮೇಲೆ ನೀವು ಯಾವ ಕೆಲಸಕ್ಕೆ ನನ್ನನ್ನು ಹೊಣೆ ಮಾಡುತ್ತೀರಿ? ಅದಕ್ಕೆ ತಡವರಿಸುವ ಕಡೆ ಹುದ್ದೆಗೆ 'ಸ್ಟ್ರಾಟಜಿ' ಎಂಬ ಹೆಸರಿದ್ದರೂ ಮತ್ತೆ ಸ್ಲೈಡು ಮಾಡುವ ಕೆಲಸವೇ ಕಾದಿರುತ್ತದೆ. ನಾನು ಸೇರಿದ ಕಡೆ ಮ್ಯಾನೇಜರ್ ಯೋಚಿಸಲೂ ಇಲ್ಲ. "ಎರಡನೇ ಪಾಳಿಯ ಡಿಸ್ಪ್ಯಾಚ್ ನಿಮ್ಮದು. ತಡವಾದರೆ ಫೋನ್ ಬರುವುದು ನಿಮಗೇ" ಅಂದರು. ಸಂಬಳ ಮೊದಲಿಗಿಂತ ತುಸು ಕಡಿಮೆಯಿತ್ತು. ನಾನು ಒಪ್ಪಿಕೊಂಡೆ.