ಬಿಚ್ಚೋದು ಹತ್ತು ನಿಮಿಷ, ಜೋಡಿಸೋದು?

ತುಮಕೂರಿಗೆ ವಾಚಿನ ಪಾಠ ಹೇಳುವುದೆಂದರೆ ಮೀನಿಗೆ ಈಜು ಕಲಿಸಿದ ಹಾಗೆ. 1978ರಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯಲ್ಲಿ ಪಳಗಿದ ಕೈಗಳು ಊರಲ್ಲಿ ಇನ್ನೂ ಇವೆ. ಕಾರ್ಖಾನೆ ಮಾತ್ರ ಇಲ್ಲ. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಜಾಗ ಇಸ್ರೋ ಪಾಲಾಯಿತು.

ಈಗ ಹುಡುಗರಿಗೆ ಹೊಸ ಹುಚ್ಚು. ಬಿಡಿಭಾಗ ತರಿಸಿ ತಮ್ಮ ವಾಚನ್ನು ತಾವೇ ಜೋಡಿಸುವುದು. ಹುಚ್ಚೇನೋ ಒಳ್ಳೆಯದೇ. ಆದರೆ ಕೆಲವರು ಕೈ ಪಳಗಿಸಲು ಅಪ್ಪನ ಜನತಾ ವಾಚನ್ನೇ ಬಿಚ್ಚಿ ಕೂರುತ್ತಾರೆ. ಕೂದಲೆಳೆಯಂಥ ಹೇರ್‌ಸ್ಪ್ರಿಂಗಿಗೆ ಚಿಮಟ ತಗುಲಿತೋ, ಕತೆ ಮುಗೀತು. ಅದನ್ನು ಸರಿಮಾಡುವ ರಿಪೇರಿಯವರು ಈಗ ಬೀದಿಗೊಬ್ಬರಿಲ್ಲ.

ಹೊಸಬರು ಒಳಗಿನ ಮಿಷನ್ನನ್ನು ಇಡಿಯಾಗಿ ಕೊಳ್ಳುವುದೇ ಲೇಸು. ಬಹಳ ಜನ ಹಿಡಿಯುವುದು ಜಪಾನಿನ ಸೀಕೋ ಬಳಗದ ಎನ್‌ಎಚ್ 35. 24 ಕಲ್ಲು, ಗಂಟೆಗೆ 21,600 ಬಡಿತ. ಕೈ ಆಡಿದಂತೆ ತಾನೇ ಚಾವಿ ತುಂಬಿಕೊಳ್ಳುತ್ತದೆ, ಬಿಚ್ಚಿಟ್ಟರೂ ಸುಮಾರು 41 ಗಂಟೆ ಓಡುತ್ತದೆ. ಡಯಲ್, ಮುಳ್ಳು, ಕೇಸು ಎಲ್ಲ ಅದಕ್ಕೇ ಹೊಂದಬೇಕು. ಬರೀ ಅಂದ ನೋಡಿ ಮುಳ್ಳು ಕೊಂಡವರು ಕೆಟ್ಟರು.

ಮೊದಲು ಚಾವಿ ತಿರುಗಿಸಿ, ತಾರೀಕು ಬದಲಾಗುವ ಗಳಿಗೆಯಲ್ಲಿ ನಿಲ್ಲಿಸಿ, ಗಂಟೆ ಮುಳ್ಳು, ನಿಮಿಷದ ಮುಳ್ಳು ಎರಡನ್ನೂ 12ಕ್ಕೆ ಕೂರಿಸಬೇಕು. ಇದು ತಪ್ಪಿದರೆ ಸಂಜೆ ಬಸ್ಸಿಗೆ ಕಾಯುವಾಗಲೇ ನಾಳೆ ಬಂದುಬಿಡುತ್ತದೆ!

ಸೆಕೆಂಡ್ ಮುಳ್ಳಿನದು ಬೇರೆಯೇ ಗೋಳು. ಅದು ಕೂರುವ ಕಡ್ಡಿ ಮಿಲಿಮೀಟರಿನ ಸುಮಾರು ಐದನೇ ಒಂದು ಪಾಲು ದಪ್ಪ. ಒತ್ತಿದ್ದು ಕಮ್ಮಿಯಾದರೆ ಉದುರುತ್ತದೆ, ಜಾಸ್ತಿಯಾದರೆ ಸೊಟ್ಟ. ಚಿಮಟದಿಂದ ಹಾರಿ ನೆಲಕ್ಕೆ ಬಿದ್ದರೆ ಪೊರಕೆಗೂ ಸಿಗೋದಿಲ್ಲ. ಅದಕ್ಕೇ ಬಲ್ಲವರು ಫ್ಯಾನ್ ಆರಿಸಿ, ಬಿಳಿ ಬಟ್ಟೆ ಹಾಸಿಕೊಂಡು ಕೂರುತ್ತಾರೆ.

ಕೊನೆಗೆ ಚಾವಿ ಕಡ್ಡಿ. ಉದ್ದವಾಗಿಯೇ ಬರುತ್ತದೆ, ಕೇಸಿಗೆ ತಕ್ಕಂತೆ ಇಷ್ಟಿಷ್ಟೇ ಕತ್ತರಿಸಬೇಕು, ಹಾಕಿ ನೋಡಬೇಕು, ಅರದಲ್ಲಿ ಉಜ್ಜಬೇಕು. ಆತುರದವರು ಒಂದೇ ಏಟಿಗೆ ಕತ್ತರಿಸುತ್ತಾರೆ, ಗಿಡ್ಡವಾಗುತ್ತದೆ. ಆಮೇಲೆ ಹೊಸ ಕಡ್ಡಿಗೆ ದುಡ್ಡು ತೆತ್ತು ಕಾಯಬೇಕು.

ಇಷ್ಟೆಲ್ಲ ಆದ ಮೇಲೂ ವಾಚು ದಿನಕ್ಕೆ 20 ಸೆಕೆಂಡು ಹಿಂದೆ ಬೀಳಬಹುದು, 40 ಸೆಕೆಂಡು ಮುಂದೆ ಓಡಬಹುದು. ತಯಾರಕರೇ ಹೇಳುವ ಲೆಕ್ಕ ಇದು. ಬಸ್ಸು ಹಿಡಿಯೋಕೆ ಅಷ್ಟು ಸಾಕು. ಅಪ್ಪನ ಜನತಾ ಮಾತ್ರ ಮುಚ್ಚಳ ತೆಗೆಯದ ಹಾಗೇ ಇರಲಿ. ಬಿಚ್ಚಲೇಬೇಕೆಂದರೆ ಕಾರ್ಖಾನೆಯಲ್ಲಿ ಪಳಗಿದ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಿಚ್ಚಲಿ.