ಉಡುಪಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರ

ಉಡುಪಿ ಚಿಕ್ಕಮಗಳೂರು ಲೋಕಸಭಾ ಕ್ಷೇತ್ರವು ಕರ್ನಾಟಕ ರಾಜ್ಯದ 28 ಲೋಕಸಭಾ ಕ್ಷೇತ್ರಗಳಲ್ಲಿ ಒಂದು. 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹಿಂದಿನ ಉಡುಪಿ ಮತ್ತು ಚಿಕ್ಕಮಗಳೂರು ಕ್ಷೇತ್ರಗಳು ರದ್ದಾಗಿ, ಈ ಕ್ಷೇತ್ರವು ಅಸ್ತಿತ್ವಕ್ಕೆ ಬಂದಿತು. ಮೊದಲ ಚುನಾವಣೆ 2009ರಲ್ಲಿ ನಡೆಯಿತು.

ಹಿನ್ನೆಲೆ

2001ರ ಜನಗಣತಿಯ ಆಧಾರದ ಮೇಲೆ, ನ್ಯಾಯಮೂರ್ತಿ ಕುಲದೀಪ್ ಸಿಂಗ್ ನೇತೃತ್ವದ ಆಯೋಗವು ಈ ಪುನರ್ವಿಂಗಡಣೆಯನ್ನು ಮಾಡಿತು. ಹಳೆಯ ಚಿಕ್ಕಮಗಳೂರು ಕ್ಷೇತ್ರವು 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಆಯ್ಕೆ ಮಾಡಿ ದೇಶದ ಗಮನ ಸೆಳೆದಿತ್ತು. ಹಳೆಯ ಉಡುಪಿ ಕ್ಷೇತ್ರವನ್ನು ಆಸ್ಕರ್ ಫರ್ನಾಂಡಿಸ್ 1980ರಿಂದ ಸತತ ಐದು ಅವಧಿಗಳಿಗೆ ಪ್ರತಿನಿಧಿಸಿದ್ದರು.

ವಿಧಾನಸಭಾ ಕ್ಷೇತ್ರಗಳು

ಈ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಉಡುಪಿ ಜಿಲ್ಲೆಯ ಕುಂದಾಪುರ, ಉಡುಪಿ, ಕಾಪು ಮತ್ತು ಕಾರ್ಕಳ. ಚಿಕ್ಕಮಗಳೂರು ಜಿಲ್ಲೆಯ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು ಮತ್ತು ತರೀಕೆರೆ. ಮೂಡಿಗೆರೆ ಪರಿಶಿಷ್ಟ ಜಾತಿಗೆ ಮೀಸಲಾಗಿದೆ. ಚಿಕ್ಕಮಗಳೂರು ಜಿಲ್ಲೆಯ ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರಿದೆ.

ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ

ಉಡುಪಿ ಜಿಲ್ಲೆಯ ಉತ್ತರ ಭಾಗದಲ್ಲಿ ಪುನರ್ವಿಂಗಡಣೆಯ ಪರಿಣಾಮ ಹೆಚ್ಚು ಕಂಡುಬಂದಿತು. ಹಿಂದೆ ಈ ಮೂರೂ ಹಳೆಯ ಉಡುಪಿ ಲೋಕಸಭಾ ಕ್ಷೇತ್ರದ ವಿಧಾನಸಭಾ ಕ್ಷೇತ್ರಗಳಾಗಿದ್ದವು. ಬ್ರಹ್ಮಾವರ ವಿಧಾನಸಭಾ ಕ್ಷೇತ್ರವು ರದ್ದಾಗಿ ಅದರ ಪ್ರದೇಶಗಳು ಕುಂದಾಪುರ, ಉಡುಪಿ ಕ್ಷೇತ್ರಗಳಲ್ಲಿ ಹಂಚಿಹೋದವು. ಬ್ರಹ್ಮಾವರವು ಮುಂದೆ ತಾಲೂಕು ಕೇಂದ್ರವಾದರೂ ಆ ಹೆಸರಿನ ವಿಧಾನಸಭಾ ಕ್ಷೇತ್ರ ಈಗ ಇಲ್ಲ. ಬೈಂದೂರು ವಿಧಾನಸಭಾ ಕ್ಷೇತ್ರವು ಶಿವಮೊಗ್ಗ ಲೋಕಸಭಾ ಕ್ಷೇತ್ರಕ್ಕೆ ಸೇರಿತು. ಹೀಗಾಗಿ ಬೈಂದೂರಿನ ಮತದಾರರಿಗೆ ಜಿಲ್ಲಾ ಕೇಂದ್ರ ಉಡುಪಿಯಾದರೆ, ಲೋಕಸಭಾ ಕ್ಷೇತ್ರದ ಕೇಂದ್ರ ಘಟ್ಟದ ಮೇಲಿನ ಶಿವಮೊಗ್ಗ. 2024ರಲ್ಲಿ ಕುಂದಾಪುರದಲ್ಲಿ ಏಪ್ರಿಲ್ 26ರಂದು, ನೆರೆಯ ಬೈಂದೂರಿನಲ್ಲಿ ಮೇ 7ರಂದು ಮತದಾನ ನಡೆಯಿತು.

ಚುನಾವಣಾ ಫಲಿತಾಂಶಗಳು

- 2009: ಡಿ. ವಿ. ಸದಾನಂದ ಗೌಡ (ಬಿಜೆಪಿ) 4,01,441, ಕೆ. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) 3,74,423, ಅಂತರ 27,018.
- 2012 (ಉಪಚುನಾವಣೆ): ಕೆ. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) 3,98,723; ವಿ. ಸುನಿಲ್ ಕುಮಾರ್ (ಬಿಜೆಪಿ) 3,52,999, ಅಂತರ 45,724.
- 2014: ಶೋಭಾ ಕರಂದ್ಲಾಜೆ (ಬಿಜೆಪಿ) 5,81,168; ಕೆ. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) 3,99,525, ಅಂತರ 1,81,643.
- 2019: ಶೋಭಾ ಕರಂದ್ಲಾಜೆ (ಬಿಜೆಪಿ) 7,18,916; ಪ್ರಮೋದ್ ಮಧ್ವರಾಜ್ (ಜೆಡಿಎಸ್) 3,69,317; ಅಂತರ 3,49,599.
- 2024: ಕೋಟ ಶ್ರೀನಿವಾಸ ಪೂಜಾರಿ (ಬಿಜೆಪಿ) 7,32,234, ಕೆ. ಜಯಪ್ರಕಾಶ್ ಹೆಗ್ಡೆ (ಕಾಂಗ್ರೆಸ್) 4,73,059, ಅಂತರ 2,59,175.

ಸದಾನಂದ ಗೌಡರು 2011ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಯಾಗಿ, ಬಳಿಕ ಲೋಕಸಭಾ ಸ್ಥಾನವನ್ನು ತೆರವು ಮಾಡಿದ್ದರಿಂದ 2012ರ ಉಪಚುನಾವಣೆ ನಡೆಯಿತು. ಈ ಕ್ಷೇತ್ರದಲ್ಲಿ ಕಾಂಗ್ರೆಸ್ ಗೆದ್ದದ್ದು ಅದೊಂದೇ ಬಾರಿ. 2019ರಲ್ಲಿ ಮೈತ್ರಿಯ ಹೊಂದಾಣಿಕೆಯಂತೆ ಸ್ಥಾನವನ್ನು ಜೆಡಿಎಸ್‌ಗೆ ಬಿಟ್ಟುಕೊಟ್ಟಿದ್ದ ಕಾಂಗ್ರೆಸ್, ಉಳಿದ ನಾಲ್ಕೂ ಚುನಾವಣೆಗಳಲ್ಲಿ ಜಯಪ್ರಕಾಶ್ ಹೆಗ್ಡೆಯವರನ್ನೇ ಕಣಕ್ಕಿಳಿಸಿತ್ತು. ಅವರು ಹಿಂದೆ ಬ್ರಹ್ಮಾವರ ವಿಧಾನಸಭಾ ಕ್ಷೇತ್ರದ ಶಾಸಕರಾಗಿದ್ದರು. 2024ರ ವಿಜೇತ ಕೋಟ ಶ್ರೀನಿವಾಸ ಪೂಜಾರಿಯವರ ಊರಾದ ಕೋಟವೂ ಇಂದು ಬ್ರಹ್ಮಾವರ ತಾಲೂಕಿನಲ್ಲಿದೆ.