ತರಗೆಲೆ ಮಣ್ಣಾಗುವ ಬಗೆ: ವಿಘಟಕ ಜೀವಿಗಳು ಮತ್ತು ನಿಸರ್ಗದ ಸಮತೋಲನ

ಕನ್ನಡದಲ್ಲಿ ‘ಕೊಳೆ’ ಎಂಬ ಪದವು ನಾಮಪದವಾದಾಗ ಹೊಲಸನ್ನು ಸೂಚಿಸುತ್ತದೆ. ಕ್ರಿಯಾಪದವಾದಾಗ ಕೆಟ್ಟು ನಾಶವಾಗುವುದನ್ನು ಹೇಳುತ್ತದೆ. ಪಟ್ಟ ಶ್ರಮ ವ್ಯರ್ಥವಾದರೆ ‘ಮಣ್ಣುಪಾಲಾಯಿತು’ ಎನ್ನುವುದು ರೂಢಿ. ನುಡಿಯ ಈ ಲೆಕ್ಕದಲ್ಲಿ ಕೊಳೆಯುವುದು, ಮಣ್ಣಾಗುವುದು ಎರಡೂ ನಷ್ಟದ ಬಾಬತ್ತುಗಳೇ. ನಿಸರ್ಗದ ಲೆಕ್ಕ ಇದಕ್ಕೆ ವ್ಯತಿರಿಕ್ತವಾದುದು. ಅಲ್ಲಿ ಮಣ್ಣುಪಾಲಾದುದೇ ಮುಂದಿನ ಬೆಳೆಯ ಮೂಲಧನ. ಆ ಮೂಲಧನವನ್ನು ಕೂಡಿಸಿಕೊಡುವ ಜೀವಿಗಳಿಗೆ ವಿಜ್ಞಾನವು ವಿಘಟಕಗಳೆಂದು ಹೆಸರಿಟ್ಟಿದೆ.

ಜೀವಜಗತ್ತಿನ ವ್ಯವಹಾರದಲ್ಲಿ ಎರಡು ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕಾಗುತ್ತದೆ: ಒಂದು ಶಕ್ತಿ, ಇನ್ನೊಂದು ದ್ರವ್ಯ. ಶಕ್ತಿಯು ಸೂರ್ಯನಿಂದ ದಿನವೂ ಬರುತ್ತದೆ. ಹಸಿರೆಲೆಯಲ್ಲಿ ಸೆರೆಯಾಗಿ, ಸಸ್ಯಾಹಾರಿ ಮಾಂಸಾಹಾರಿಗಳ ದೇಹಗಳನ್ನು ಹಾಯ್ದು, ಕಡೆಗೆ ಶಾಖವಾಗಿ ಚದುರಿಹೋಗುತ್ತದೆ. ದ್ರವ್ಯಕ್ಕೆ ಅಂಥ ನಿತ್ಯದ ಆಮದು ಇಲ್ಲ. ವಾಯುವಿನಲ್ಲಿ ಸುಮಾರು 78 ಶೇಕಡಾ ಸಾರಜನಕವಿದ್ದರೂ ಗಿಡವು ಅದನ್ನು ನೇರವಾಗಿ ಬಳಸಲಾರದು. ರಂಜಕವಂತೂ ಗಾಳಿಯಲ್ಲಿ ಅನಿಲರೂಪದಲ್ಲಿ ಸಂಚರಿಸುವುದಿಲ್ಲ. ಬಂಡೆ ಸವೆದು ಬರುವ ಅಲ್ಪಾಂಶವನ್ನು ಬಿಟ್ಟರೆ, ಸತ್ತ ಎಲೆಯೊಳಗಿನ ರಂಜಕ ಬಿಡುಗಡೆಯಾಗಿ ಹೊಸ ಬೇರಿಗೆ ಸಿಗಬೇಕು. ಆ ಬಿಡುಗಡೆಯ ಕೆಲಸ ನಿಂತರೆ ಸೂರ್ಯನಿದ್ದೂ ಮಳೆಯಿದ್ದೂ ಕಾಡು ಹಸಿವಿನಿಂದ ಸೊರಗುತ್ತದೆ.

ಈ ಮಾತಿನ ಸತ್ಯ ಕಾಸರಗೋಡಿನಂಥ ನೆಲದಲ್ಲಿ ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿಯದು ಮುರಕಲ್ಲಿನ ಸೀಮೆ. ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರಿನಷ್ಟು ಸುರಿಯುವ ಮಳೆಯ ಬಹುಪಾಲು ಜೂನಿನಿಂದ ಸೆಪ್ಟೆಂಬರದೊಳಗೆ ಮುಗಿಯುತ್ತದೆ. ನೀರಿನಲ್ಲಿ ಕರಗುವ ಸುಣ್ಣ, ಪೊಟ್ಯಾಶಿಯಂ ಮೊದಲಾದ ಲವಣಗಳು ಆ ನೀರಿನೊಡನೆ ತೋಡು ಸೇರಿ, ಹೊಳೆ ಸೇರಿ, ಕಡಲಿಗೆ ಹೋಗುತ್ತವೆ. ಉಳಿಯುವುದು ಕಬ್ಬಿಣ, ಅಲ್ಯೂಮಿನಿಯಂ ಹೇರಳವಾಗಿರುವ ಹುಳಿ ಮಣ್ಣು. ಇಂಥ ನೆಲದ ಮೇಲೂ ಹಿರಿಮರಗಳ ಕಾಡು ನಿಂತಿರುವುದಕ್ಕೆ ಕಾರಣ, ಸಂಪತ್ತಿನ ದೊಡ್ಡ ಪಾಲು ಮಣ್ಣಿನ ಆಳದಲ್ಲಿಲ್ಲದೆ ಮರದ ಮೈಯಲ್ಲಿಯೂ ಕಾಲಡಿಯ ತರಗೆಲೆಯಲ್ಲಿಯೂ ಇರುವುದೇ ಆಗಿದೆ. ಬಿದ್ದ ಎಲೆ ಕೊಳೆತು ಬಿಟ್ಟುಕೊಟ್ಟ ಸತ್ತ್ವವನ್ನು ಮೇಲ್ಪದರದ ಬೇರುಗಳು ಮಳೆಗಿಂತ ಮೊದಲೇ ಹಿಡಿದುಕೊಳ್ಳುತ್ತವೆ.

ಎಲೆ ಮಣ್ಣಾಗುವ ಕ್ರಮ

ಎಲೆಯೊಂದು ಉದುರಿದಾಗ ಮೊದಲ ಮಳೆಯೇ ಅದರೊಳಗಿನ ಸಕ್ಕರೆಯನ್ನೂ ಕರಗುವ ಲವಣಗಳನ್ನೂ ತೊಳೆದು ನೆಲಕ್ಕಿಳಿಸುತ್ತದೆ. ಅನಂತರ ಸಹಸ್ರಪದಿ, ಗೆದ್ದಲು, ಎರೆಹುಳುಗಳ ಸರದಿ. ಇವು ಎಲೆಯನ್ನು ತುಂಡರಿಸಿ ನುಂಗಿ ಹಿಕ್ಕೆಯಾಗಿ ಹೊರಹಾಕುತ್ತವೆ. ತುಂಡುಗಳು ಚಿಕ್ಕದಾದಷ್ಟೂ ಸೂಕ್ಷ್ಮಜೀವಿಗಳಿಗೆ ತಾಗುವ ಮೇಲ್ಮೈ ಹಿರಿದಾಗುತ್ತದೆ. ಕಡೆಗೆ ಬ್ಯಾಕ್ಟೀರಿಯಾ ಮತ್ತು ಶಿಲೀಂಧ್ರಗಳು. ಇವುಗಳಿಗೆ ಬಾಯಿಯೂ ಇಲ್ಲ, ಹೊಟ್ಟೆಯೂ ಇಲ್ಲ. ಜೀರ್ಣರಸವನ್ನು ದೇಹದ ಹೊರಗೆ ಸುರಿಸಿ, ಅಲ್ಲಿಯೇ ಆಹಾರವನ್ನು ಕರಗಿಸಿ, ಕರಗಿದುದನ್ನು ಹೀರಿಕೊಳ್ಳುತ್ತವೆ. ಹೀರಿ ಮಿಕ್ಕಿದುದು ಗಿಡದ ಬೇರಿನ ಪಾಲಾಗುತ್ತದೆ.

ಎಲೆಯ ನಾರಾದ ಸೆಲ್ಯುಲೋಸನ್ನು ಒಡೆಯಬಲ್ಲ ಸೂಕ್ಷ್ಮಜೀವಿಗಳು ಬಹಳ. ಮರಕ್ಕೆ ಗಡಸುತನವನ್ನು ಕೊಡುವ ಲಿಗ್ನಿನ್ ಮಾತ್ರ ಸುಲಭಕ್ಕೆ ಜಗ್ಗುವುದಿಲ್ಲ. ಅದನ್ನು ಪೂರ್ಣವಾಗಿ ಒಡೆಯುವ ಸಾಮರ್ಥ್ಯವಿರುವುದು ಮುಖ್ಯವಾಗಿ ‘ಬಿಳಿಕೊಳೆ’ಯ ಶಿಲೀಂಧ್ರಗಳಿಗೆ. ಬಿದ್ದ ಮರದ ದಿಮ್ಮಿ ಬೆಳ್ಳಗಾಗಿ ನಾರುನಾರಾಗಿ ಕೈಗೆ ಬರುವುದು ಇವುಗಳ ಕೆಲಸದಿಂದ. ಹುತ್ತ ಕಟ್ಟುವ ಹಲವು ಗೆದ್ದಲುಗಳು ಈ ಕಷ್ಟಕ್ಕೆ ಒಂದು ಉಪಾಯ ಕಂಡುಕೊಂಡಿವೆ. ಅವು ತಾವು ತಂದ ಸೌದೆ ಕಸದ ಮೇಲೆ ಹುತ್ತದೊಳಗೆ ಶಿಲೀಂಧ್ರವನ್ನು ಬೆಳೆಸಿ, ಅದು ಮೆತ್ತಗಾಗಿಸಿದುದನ್ನು ತಿನ್ನುತ್ತವೆ. ಮಳೆಗಾಲದಲ್ಲಿ ಹುತ್ತದಿಂದ ಎದ್ದು ಬಂದು ಊಟದ ಎಲೆಗೆ ಸೇರುವ ರುಚಿಯಾದ ಅಣಬೆ ಆ ಬೇಸಾಯದ್ದೇ ಫಲ.

ಹಟ್ಟಿಯೊಳಗಿನ ರಸಾಯನ

ಕೊಳೆಯುವ ವೇಗವನ್ನು ನಿರ್ಧರಿಸುವುದರಲ್ಲಿ ಇಂಗಾಲ ಮತ್ತು ಸಾರಜನಕಗಳ ಅನುಪಾತಕ್ಕೆ ಪ್ರಧಾನ ಸ್ಥಾನವಿದೆ. ಸೂಕ್ಷ್ಮಜೀವಿಯ ದೇಹದಲ್ಲಿ ಒಂದು ಪಾಲು ಸಾರಜನಕಕ್ಕೆ ಸುಮಾರು ಎಂಟು ಪಾಲು ಇಂಗಾಲವಿರುತ್ತದೆ. ತಿಂದ ಇಂಗಾಲದ ಹೆಚ್ಚಿನಂಶ ಉಸಿರಾಟದಲ್ಲಿ ಕಳೆದುಹೋಗುವುದರಿಂದ ಅದಕ್ಕೆ ಸುಮಾರು 25ಕ್ಕೆ 1ರ ಅನುಪಾತದ ಆಹಾರ ಹಿತವಾಗಿದೆ. ಒಣ ತರಗೆಲೆಯಲ್ಲಿ ಈ ಅನುಪಾತ 50ನ್ನೂ ಮೀರುವುದುಂಟು. ಅಂಥ ಕಸವನ್ನು ಹಾಗೆಯೇ ಮಣ್ಣಿಗೆ ಬೆರೆಸಿದರೆ, ಸಾರಜನಕ ಸಾಲದ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿದ್ದುದನ್ನೇ ಕಸಿದುಕೊಳ್ಳುತ್ತವೆ. ಗೊಬ್ಬರ ಹಾಕಿಯೂ ಗಿಡ ಹಳದಿಯಾಗುತ್ತದೆ.

ಕರಾವಳಿಯ ಕೃಷಿಕರು ಈ ಸೂತ್ರವನ್ನು ರೂಢಿಯಿಂದಲೇ ಅರಿತಿದ್ದರು. ಹಟ್ಟಿಯಲ್ಲಿ ದನಗಳ ಕಾಲಡಿಗೆ ಒಣ ತರಗೆಲೆಯನ್ನೂ ಹಸಿ ಸೊಪ್ಪನ್ನೂ ಪದರಪದರವಾಗಿ ಹಾಸಿದಾಗ ಸೆಗಣಿ ಮತ್ತು ಗಂಜಲ ಸಾರಜನಕದ ಕೊರತೆಯನ್ನು ತುಂಬುತ್ತಿದ್ದವು. ಗೊರಸಿನ ತುಳಿತ ಎಲೆಯನ್ನು ಪುಡಿಮಾಡುತ್ತಿತ್ತು. ಆ ಸೊಪ್ಪು ಬರುತ್ತಿದ್ದುದು ಬಹುಮಟ್ಟಿಗೆ ಕುಮ್ಕಿಯಿಂದ. ಕಾಸರಗೋಡು 1956ರವರೆಗೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಕಂದಾಯ ಪದ್ಧತಿಯಲ್ಲಿ, ವರ್ಗಭೂಮಿಗೆ ಹೊಂದಿಕೊಂಡ ಸರಕಾರಿ ಜಾಗದಿಂದ ಸೊಪ್ಪು, ಸೌದೆ ತರುವ ಸವಲತ್ತಿಗೆ ಕುಮ್ಕಿಯೆಂದು ಹೆಸರು. ಎಲೆ ಕೊಳೆತು ಗೊಬ್ಬರವಾಗುವ ಕೆಲಸಕ್ಕೆ ಕಂದಾಯದ ಕಡತದಲ್ಲಿಯೂ ಸ್ಥಾನ ಸಿಕ್ಕಿತ್ತೆಂಬುದಕ್ಕೆ ಇದೇ ಸಾಕ್ಷಿ.

ಕೊಂಡಿ ಕಳಚಿದಾಗ

ಸೆಗಣಿಯನ್ನು ಮಣ್ಣಾಗಿಸುವ ಜೀವಿಗಳಿಲ್ಲದಿದ್ದರೆ ಏನಾಗುವುದೆಂಬುದನ್ನು ಆಸ್ಟ್ರೇಲಿಯಾ ಖಂಡ ಅನುಭವಿಸಿ ತಿಳಿದಿದೆ. 1788ರಲ್ಲಿ ಯೂರೋಪಿಯನ್ನರು ಅಲ್ಲಿಗೆ ದನಗಳನ್ನು ಒಯ್ದರು. ಅಲ್ಲಿಯ ಸೆಗಣಿಹುಳುಗಳಿಗೆ ಕಾಂಗರೂಗಳ ಒಣ ಹಿಕ್ಕೆ ಒಗ್ಗಿತ್ತೇ ಹೊರತು ದನದ ಒದ್ದೆ ಸೆಗಣಿಯಲ್ಲ. ಸೆಗಣಿ ತಿಂಗಳುಗಟ್ಟಲೆ ಹುಲ್ಲುಗಾವಲಿನ ಮೇಲೆಯೇ ಒಣಗಿ ಕುಳಿತಿತು. ಅದರಡಿಯ ಹುಲ್ಲು ಸತ್ತಿತು. ನೊಣಗಳು ಲೆಕ್ಕವಿಲ್ಲದಷ್ಟು ಹೆಚ್ಚಿದವು. ಕಡೆಗೆ ಜಾರ್ಜ್ ಬೊರ್ನೆಮಿಸ್ಸಾ ಎಂಬ ಕೀಟವಿಜ್ಞಾನಿಯ ಪ್ರಯತ್ನದಿಂದ 1960ರ ದಶಕದಲ್ಲಿ ಹೊರದೇಶಗಳ ಸೆಗಣಿಹುಳುಗಳನ್ನು ತರಿಸಿ ಬಿಡಲಾಯಿತು. ಹುಲ್ಲು, ದನ, ನೀರು ಎಲ್ಲವೂ ಇದ್ದ ಕಡೆಯೂ ಸಣ್ಣದೊಂದು ಹುಳು ಇಲ್ಲದೆ ವ್ಯವಸ್ಥೆ ಮುಗ್ಗರಿಸಿತ್ತು.

ಇಷ್ಟಾದರೂ ಕೊಳೆಯೆಲ್ಲವೂ ಒಂದೇ ಬಗೆಯದಲ್ಲ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಫೈಟಾಫ್ತೊರಾ ಸತ್ತುದನ್ನು ಮಣ್ಣಾಗಿಸುವ ಜೀವಿಯಲ್ಲ. ಜೀವಂತ ಕಾಯಿಗೆ ಮುತ್ತುವ ಪರಾವಲಂಬಿ. ಸತ್ತುದನ್ನೇ ನೆಚ್ಚಿ ಬಾಳುವ ಟ್ರೈಕೊಡರ್ಮಾದಂಥ ಶಿಲೀಂಧ್ರಗಳು ಇಂಥ ರೋಗಕಾರಕಗಳನ್ನು ಮಣ್ಣಿನಲ್ಲಿ ಅಡಗಿಸುತ್ತವೆ. ಸಾವಯವ ಕಸ ಧಾರಾಳವಾಗಿರುವ ಮಣ್ಣಿನಲ್ಲಿ ಅವು ಚೆನ್ನಾಗಿ ಬಾಳುತ್ತವೆ. ಆದ್ದರಿಂದ ವಿಘಟಕಗಳು ಗಿಡಕ್ಕೆ ಉಣಿಸುವುದರ ಜೊತೆಗೆ ಅದರ ಕಾವಲನ್ನೂ ಮಾಡುತ್ತವೆ.

ಇಂದು ಈ ಕೊಂಡಿ ಸಡಿಲಗೊಳ್ಳುತ್ತಿರುವುದು ಮನೆಯಂಗಳದಲ್ಲಿಯೇ. ಹಟ್ಟಿಗಳು ಬರಿದಾಗಿವೆ. ಗುಡಿಸಿದ ತರಗೆಲೆಗೆ ಅಂಗಳದ ಮೂಲೆಯಲ್ಲಿ ಬೆಂಕಿ ಬೀಳುತ್ತದೆ. ಹಾಗೆ ಸುಟ್ಟಾಗ ಎಲೆಯ ಸಾರಜನಕದ ಬಹುಪಾಲು ಹೊಗೆಯೊಡನೆ ಗಾಳಿಗೆ ಹೋಗುತ್ತದೆ. ಬೂದಿಯಲ್ಲುಳಿದ ಪೊಟ್ಯಾಶಿಯಂ ಮೊದಲ ಮಳೆಗೆ ತೊಳೆದುಹೋಗುತ್ತದೆ. ಹೀಗೆ ಕಳೆದುಕೊಂಡುದನ್ನೇ ರೈತ ಅಂಗಡಿಯಿಂದ ಚೀಲದಲ್ಲಿ ಕೊಂಡು ತರುತ್ತಾನೆ. ತಲೆಮಾರುಗಳಿಂದ ಎಲೆ ತೆಗೆಯದೆ ಬಿಟ್ಟಿದ್ದ ನಾಗಬನಗಳಲ್ಲಿ ಕೆಲವು ಕಾಂಕ್ರೀಟು ಕಟ್ಟೆಗಳಾಗಿ ಮಾರ್ಪಟ್ಟಿವೆ. ಅಲ್ಲಿ ಬಿದ್ದ ಎಲೆಗೆ ಮಣ್ಣು ಸೇರುವ ದಾರಿಯೇ ಇಲ್ಲ.

ದಾರಿ ಮುಚ್ಚಿಹೋಗಿಲ್ಲ. ಒಂದು ತೆಂಗಿನಮರ ತಿಂಗಳಿಗೊಂದರಂತೆ ವರ್ಷಕ್ಕೆ ಸುಮಾರು ಹನ್ನೆರಡು ಮಡಲುಗಳನ್ನು ಕೆಡವುತ್ತದೆ. ಲಿಗ್ನಿನ್ ಹೆಚ್ಚಿರುವ ಈ ಮಡಲುಗಳು ಬೇಗ ಕೊಳೆಯುವುದಿಲ್ಲ. ಕಾಸರಗೋಡಿನಲ್ಲಿಯೇ ಇರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯು ಅವನ್ನು ಸೆಗಣಿಯೊಡನೆ ಬೆರೆಸಿ, ಯೂಡ್ರಿಲಸ್ ಜಾತಿಯ ಎರೆಹುಳುಗಳಿಂದ ಗೊಬ್ಬರವಾಗಿಸುವ ವಿಧಾನವನ್ನು ರೂಪಿಸಿದೆ. ದನವಿಲ್ಲದ ಮನೆಯವರೂ ಅಡಿಕೆಯ ಸೋಗೆ, ತರಗೆಲೆಗಳನ್ನು ಮರದ ಬುಡಕ್ಕೆ ಹಾಸಿ, ನಡುವೆ ಗ್ಲಿರಿಸಿಡಿಯಾದ ಹಸಿ ಸೊಪ್ಪನ್ನು ಸೇರಿಸಿದರೆ ಹಟ್ಟಿಯ ಕೆಲಸ ಅಷ್ಟರಮಟ್ಟಿಗೆ ನಡೆಯುತ್ತದೆ. ಈ ಹೊದಿಕೆಯು ಬೇಸಗೆಯಲ್ಲಿ ತೇವವನ್ನೂ ಮಳೆಗಾಲದಲ್ಲಿ ಮೇಲ್ಮಣ್ಣನ್ನೂ ಕಾಪಾಡುತ್ತದೆ.

ಹೂವು, ಹಣ್ಣು, ಹಕ್ಕಿಗಳನ್ನು ಕಂಡು ನಿಸರ್ಗ ಸಮೃದ್ಧವಾಗಿದೆಯೆಂದು ಹೇಳುವುದು ವಾಡಿಕೆ. ಆ ಸಮೃದ್ಧಿಯ ಪರೀಕ್ಷೆ ನಿಜಕ್ಕೂ ನಡೆಯುವುದು ನೆಲದ ಮೇಲೆ. ಕಳೆದ ವರ್ಷದ ಎಲೆ ಈ ವರ್ಷ ಎಲೆಯಾಗಿ ಉಳಿಯದೆ, ಬೂದಿಯೂ ಆಗದೆ, ಕಪ್ಪು ಮಣ್ಣಾಗಿ ಬೆರಳಿಗೆ ಅಂಟಿಕೊಂಡರೆ ಅಲ್ಲಿ ಸಮತೋಲನವಿದೆಯೆಂದೇ ಅರ್ಥ.